ದೋನ್ಯಾ ಚೊಂತಾಳ ಸಾವಿನ ಸುದ್ದಿ ಓದಿದಾಕೆ

ಅತ್ರಾತೊ ನದಿಯ ಮೇಲಿನ ಮಂಜು ಇನ್ನೂ ಸರಿದಿಲ್ಲ. ಬೊಕಾ ಮಂಸಾದ ದೋಣಿಗಟ್ಟೆಯ ಪಕ್ಕದ ಹಲಗೆ ಮನೆಯಲ್ಲಿ ಮಾತ್ರ ದೀಪ ಹತ್ತಿದೆ. ಒಳಗೆ ಫುಲ್ವಿಯಾ ರೆಂತೇರಿಯಾ ಬೆಲ್ಲದ ಕಾಫಿಯ ಲೋಟವನ್ನು ಮೈಕಿನಿಂದ ಆಚೆ ಸರಿಸಿ, ಒಮ್ಮೆ ಕೆಮ್ಮಿ, ಶುರುಮಾಡುತ್ತಾರೆ. "ಮೇಲಿನ ಕಡವಿನ ಸೆರಾಫೀನಾಗೆ: ನಿಮ್ ಸೊಸೆ ಹೆತ್ತಿದಾಳೆ. ಗಂಡು. ತಾಯಿ ಮಗು ಚೆನ್ನಾಗಿದಾರೆ. ಒಂದು ಎಳೇ ಹೇಂಟೆ ಕಳಿಸ್ಬೇಕಂತೆ, ಮುದಿ ಹುಂಜ ಬೇಡ್ವಂತೆ. ಮರ ಕೊಯ್ಯೋ ಲಿಬಾರ್ದೊಗೆ: ನಿಮ್ ಭಾವನ ಗರಗಸ ಭಾವನಿಗೆ ಮುಟ್ಟಿಸಿ. ಅವ್ರು ಹೇಳಿದ್ರಲ್ಲಿ ಅರ್ಧ ಮಾತ್ರ ಓದ್ತಿದೀನಿ, ಉಳಿದಿದ್ದು ಹೆಂಗಸರು ಮಕ್ಕಳು ಕೇಳೋ ಹಂಗಿಲ್ಲ."

ನದಿಯ ಮೇಲ್ಗಡೆ ಫೋನು ಸಿಗುವುದಿಲ್ಲ. ಅಲ್ಲಿನವರಿಗೆ ಹುಟ್ಟು, ಸಾವು, ಆಸ್ಪತ್ರೆ, ಮುನಿಸು, ಉಪ್ಪಿನ ಮೂಟೆ ಬಂದದ್ದು, ಎಲ್ಲವೂ ತಿಳಿಯುವುದು ಬೆಳಗಿನ ಈ ಒಂದು ಗಂಟೆಯ 'ನದಿಯ ಓಲೆ'ಯಿಂದ. ಹೇಳಿಕಳಿಸಬೇಕಾದವರು ಹಿಂದಿನ ದಿನ ರೇಡಿಯೋ ಮನೆಯ ಕಿಟಕಿಗೆ ಬಂದು ಹೇಳಿಹೋಗುತ್ತಾರೆ. ಎಲೆಮರೆಯ ಕಾಯಿ ಎಂದು ಫುಲ್ವಿಯಾರನ್ನು ಕರೆದರೆ ಅವರ ಗಂಟಲೇ ಒಪ್ಪಲಿಕ್ಕಿಲ್ಲ. ಆದರೆ ದಿನವೂ ಆ ದನಿ ಕೇಳಿ ಏಳುವ ಸಾವಿರಾರು ಜನರಲ್ಲಿ ಆ ಮುಖ ಕಂಡವರು ಕಡಿಮೆಯೇ. ಓಲೆ ಮುಗಿಸಿ ಇದೇ ಕಟ್ಟೆಯ ಮೇಲೆ ಮೀನು ಮಾರಲು ಕೂತಾಗ ಮೇಲಿನ ಊರಿನವರು ಚೌಕಾಸಿಗೆ ಇಳಿದು, ಇವರು ಬಾಯಿ ತೆರೆದೊಡನೆ ಬೆಚ್ಚಿ, ಕೇಳಿದಷ್ಟು ಕೊಟ್ಟು ಹೋಗುವುದುಂಟು.

ಮೊದಲಿನಿಂದಲೂ ಇವರು ಮೀನಿನ ಹೆಂಗಸು. ರೇಡಿಯೋದ ಹಿಂದಿನ ಯಜಮಾನರು ಇವರ ಕೂಗು ಕೇಳಿ, "ಈ ಗಂಟಲು ಬರೀ ಮೀನಿಗೆ ದಂಡ" ಎಂದು ಒಳಗೆ ಕರೆದು ಕೂರಿಸಿದರು. ಆಗ ಓದು ಅಷ್ಟಕ್ಕಷ್ಟೆ, ಗಂಡ ದೋಣಿ ಮಗುಚಿ ತೀರಿಕೊಂಡಿದ್ದ, ಮನೆಯಲ್ಲಿ ಮೂರು ಹೆಣ್ಣುಮಕ್ಕಳು. ಒಮ್ಮೆ ನಗರದಿಂದ ಬಂದ ತರಬೇತುದಾರನೊಬ್ಬ ಇವರ ಮಾತಿನಲ್ಲಿ ಕರಿಯರ ಕೇರಿಯ ವಾಸನೆಯಿದೆ, ನಾಲಿಗೆ ತೊಳೆದುಕೊಳ್ಳಬೇಕು ಎಂದ. "ತೊಳ್ಕೊಂಡೇ ಬಂದಿದೀನಪ್ಪ, ಈ ನದಿ ನೀರಲ್ಲಿ. ನಿಮ್ಮೂರಲ್ಲಿ ನೀರಿಗೆ ಬರ ಅಂತ ಕೇಳಿದ್ದೆ," ಎಂದರಂತೆ ಫುಲ್ವಿಯಾ. ಆತ ಮಧ್ಯಾಹ್ನದ ದೋಣಿಗೇ ಹೊರಟುಹೋದ.

ಓಲೆಯಲ್ಲಿ ಎಲ್ಲಕ್ಕಿಂತ ತೂಕದ್ದು ಸಾವಿನ ಸುದ್ದಿ. ಅದನ್ನು ತರುವವರು ನೆಂಟರೇ ಆಗಿರಬೇಕು. "ಸತ್ತೋರಿಗೆ ನೀನೇನಾಗ್ಬೇಕು?" ಎಂದು ಕೇಳದೆ ಫುಲ್ವಿಯಾ ಓದುವುದಿಲ್ಲ. ಸುದ್ದಿ ತಪ್ಪಾಗಿ, ಸತ್ತವರು ಬದುಕಿದ್ದಾರೆ ಎಂದು ಸಾರಬೇಕಾದರೂ ನೆಂಟರೇ ಮೈಕಿನ ಮುಂದೆ ನಿಂತು ಸಂಬಂಧ ಹೇಳಿ ಸಾರಬೇಕು. ಇನ್ನು ಕೇಳಿದವರಿಗೂ ಕಟ್ಟಳೆಯಿದೆ. ಹೆಸರು ಓದಿ, ಹೆಣ ಇಟ್ಟ ಜಾಗ ಹೇಳಿದ ಮೇಲೆ ದೋಣಿ ಇದ್ದವರು ದೋಣಿ ಇಳಿಸಲೇಬೇಕು. ಬಾಳೆಕಾಯಿ, ಕಾಫಿಪುಡಿ, ಮೇಣದಬತ್ತಿ, ಕೈಲಾದದ್ದು ಹೊತ್ತು ಹೋಗಲೇಬೇಕು. ಇನ್ನೊಬ್ಬರ ಸಾವಿಗೆ ಹೋಗದವರ ಸಾವಿಗೆ ನಾಯಿಯೂ ಬರುವುದಿಲ್ಲ ಎನ್ನುತ್ತಾರೆ ಇಲ್ಲಿ.

ಹೀಗೆ ನಡೆದುಕೊಂಡು ಬಂದಿದ್ದ ಓಲೆಗೆ ಈ ವರ್ಷ ಚುನಾವಣೆ ಅಡ್ಡ ಬಂತು. ದೇಶದ ಅಧ್ಯಕ್ಷಗಿರಿಗೆ ನಿಂತವರಲ್ಲಿ ಒಬ್ಬಳು ಇದೇ ನದಿಯ ಮಗಳು, ದಿಯೊಸೆಲಿನಾ ಇಬಾರ್ಗ್ವೆನ್. ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದವಳು, ಇವರೆಲ್ಲರಷ್ಟೇ ಕಪ್ಪು, ಮಾತೂ ಇವರದೇ. ಅವಳ ಮುಖದ ಚಿತ್ರ ಮೊದಲ ಸಲ ಕಟ್ಟೆಯ ಕಂಬಕ್ಕೆ ಅಂಟಿದಾಗ ಹೆಂಗಸರು ಬುಟ್ಟಿ ಇಳಿಸಿ ಸುಮ್ಮನೆ ನೋಡುತ್ತ ನಿಂತಿದ್ದರು.

ಅದೇ ಹೊತ್ತಿಗೆ ಟಿವಿಯ ಹಾಸ್ಯದಲ್ಲಿ ದೋನ್ಯಾ ಚೊಂತಾ, ಅಂದರೆ ಚೊಂತಾ ಅಮ್ಮಾವ್ರು, ಬಂದಳು. ಬಿಳಿಯ ನಟನೊಬ್ಬ ಮುಖಕ್ಕೆ ಮಸಿ ಬಳಿದು, ತುಟಿಗೆ ಕೆಂಪು ಮೆತ್ತಿ, ಹಿಂದಕ್ಕೆ ದಿಂಬು ಕಟ್ಟಿ, ಅಧ್ಯಕ್ಷರ ಅರಮನೆಯಲ್ಲಿ ಮೀನು ಹುರಿಯುವ ಹೆಂಗಸಾಗಿ ಕುಣಿಯುತ್ತಿದ್ದ. ದೇಶವೇ ನಕ್ಕಿತು. ಅಂಗಡಿ ಮುಂದಿನ ಟಿವಿಯಲ್ಲಿ ನೋಡಿ ಬೊಕಾ ಮಂಸಾವೂ ನಕ್ಕಿತು. "ನಾನೂ ನಕ್ಕೆ, ಸುಳ್ಳ್ಯಾಕೆ ಹೇಳ್ಲಿ," ಎನ್ನುತ್ತಾರೆ ಫುಲ್ವಿಯಾ. "ಮಾರನೇ ದಿನ ದೊಡ್ಡ ದೋಣಿಯಿಂದ ಇಳಿದೋನೊಬ್ಬ ನನ್ನ ನೋಡಿ, ಏ ಚೊಂತಾ, ಮೀನು ಹೆಂಗೆ ಅಂದ. ಪಕ್ಕದೋಳಿಗೂ ಚೊಂತಾ ಅಂದ. ಕಟ್ಟೆ ಮೇಲಿರೋ ಅಷ್ಟೂ ಜನಕ್ಕೆ ಅದೇ ಹೆಸರಾಯ್ತು. ಆಮೇಲೆ ನಗು ಬರ್ಲಿಲ್ಲ."

ಅದಕ್ಕಿಂತ ಆಳಕ್ಕೆ ಚುಚ್ಚಿದ್ದು ಪಕ್ಕದ ಬುಟ್ಟಿಯ ನಿಕೊಲಾಸಾಳ ಮಾತು. ಇಬ್ಬರೂ ಚಿಕ್ಕಂದಿನ ಗೆಳತಿಯರು. ಒಂದು ದಿನ ಮೀನಿನ ಪೊರೆ ತೆಗೆಯುತ್ತ ನಿಕೊಲಾಸಾ ಹೇಳಿದಳು: "ದಿಯೊಸೆಲಿನಾಗೆ ನಾನು ಓಟು ಹಾಕಲ್ಲ ಕಣೆ. ಅವಳು ಬಾಯಿ ತೆಗೆದ್ರೆ ಸಾಕು, ಚೊಂತಾನೇ ಕಣ್ಮುಂದೆ ಬರ್ತಾಳೆ. ನಾಚಿಕೆ ಆಗುತ್ತೆ." ಪರರು ಆಡಿಕೊಂಡರೆ ತಡೆಯಬಹುದು. ನಮ್ಮನ್ನು ಕಂಡರೆ ನಮಗೇ ನಾಚಿಕೆ ಹುಟ್ಟಿಸಿ ಕೂರಿಸುತ್ತದಲ್ಲ ಈ ಟಿವಿ, ಅದರ ಮೇಲಿನ ಸಿಟ್ಟು ಫುಲ್ವಿಯಾರಿಗೆ ಇನ್ನೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಇಷ್ಟರಲ್ಲಿ ರೇಡಿಯೋದ ಈಗಿನ ಯಜಮಾನ ದೋನ್ ಅನೀಬಲ್ ಒಂದು ಪೆನ್‌ಡ್ರೈವ್ ತಂದಿಟ್ಟರು. ಅನೀಬಲ್ ಬೆಟ್ಟದ ಕಡೆಯ ವ್ಯಾಪಾರಿ. ನದಿಗೆ ಉಪ್ಪು, ಡೀಸೆಲ್, ತಗಡು ಎಲ್ಲ ಅವರ ಅಂಗಡಿಯಿಂದಲೇ. ಪೆನ್‌ಡ್ರೈವ್‌ನಲ್ಲಿದ್ದದ್ದು ಎದುರು ಪಕ್ಷದ ಜಾಹೀರಾತು. ಚೊಂತಾಳ ದನಿಯಲ್ಲಿ, 'ನನ್ನ ತಂಗಿ ದಿಯೊಸೆಲಿನಾಗೆ ಓಟು ಕೊಡಿ, ಅರಮನೆಯಲ್ಲಿ ಮೀನು ಒಣಹಾಕ್ತೀವಿ' ಎಂಬ ಹಾಸ್ಯ. ಅದನ್ನು ನದಿಯ ಓಲೆಯ ನಡುವೆಯೇ ಹಾಕಬೇಕಂತೆ, ಎಲ್ಲರೂ ಕಿವಿಗೊಟ್ಟು ಕೇಳುವುದು ಆಗ ತಾನೇ. "ಜಾಹೀರಾತು ಅಂದ್ರೆ ಜಾಹೀರಾತು, ಸೋಪಿಂದೂ ಒಂದೇ ಇದೂ ಒಂದೇ," ಎಂದರು ಅನೀಬಲ್. ಫುಲ್ವಿಯಾ ಆಗಲ್ಲ ಎಂದರು. "ಹಂಗಾದ್ರೆ ನನ್ನ ಹೆಂಡತಿ ಅಣ್ಣನ ಮಗ ಓದ್ತಾನೆ. ನೀವು ಮೀನು ಮಾರ್ಕೊಂಡಿರಿ." ಫುಲ್ವಿಯಾ ಪೆನ್‌ಡ್ರೈವ್ ಎತ್ತಿ ಸೆರಗಿನಂಥ ತಲೆಬಟ್ಟೆಯ ತುದಿಗೆ ಕಟ್ಟಿಕೊಂಡು ಮನೆಗೆ ಹೋದರು.

ಮರುದಿನ ಅನೀಬಲ್ ಸಾಮಾನು ತರಲು ನಗರಕ್ಕೆ ಹೋಗಿದ್ದರು. ಓಲೆಗಳೆಲ್ಲ ಮುಗಿದ ಮೇಲೆ, ಜಾಹೀರಾತು ಬರಬೇಕಾದ ಜಾಗದಲ್ಲಿ, ಫುಲ್ವಿಯಾ ಸಾವಿನ ಸುದ್ದಿಯ ದನಿ ತೆಗೆದರು. "ದೋನ್ಯಾ ಚೊಂತಾ ತೀರ್ಕೊಂಡಿದಾರೆ. ಹುಟ್ಟಿದ್ದು ರಾಜಧಾನೀಲಿ, ಒಂದು ಮಸಿ ಡಬ್ಬೀಲಿ. ಬೆಳೆದಿದ್ದು ಟಿವೀಲಿ. ಗಂಡ ಇಲ್ಲ, ಮಕ್ಕಳಿಲ್ಲ, ಈ ನದೀಲಿ ಒಬ್ಬ ನೆಂಟನೂ ಇಲ್ಲ. ಯಾರೂ ಅಳ್ಬೇಕಾಗಿಲ್ಲ." ಅಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಕುಚೋದ್ಯವಾಗಿ ಮುಗಿಯುತ್ತಿತ್ತು. ಆದರೆ ವರ್ಷಗಟ್ಟಲೆ ಒಂದೇ ಹಳಿಯ ಮೇಲೆ ಓಡಿದ ನಾಲಿಗೆ ನಿಲ್ಲಲಿಲ್ಲ. "ಹೆಣ ಇಟ್ಟಿರೋದು ರೇಡಿಯೋ ಮನೆ ಅಂಗಳದಲ್ಲಿ, ಎಲ್ಲರೂ ಬರ್ಬೇಕು" ಎಂದೂ ಅಂದುಬಿಟ್ಟಿತು.

ಬಂದರು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯಲ್ಲಿ ದೋಣಿ ಕಟ್ಟಲು ಜಾಗವಿರಲಿಲ್ಲ. ಕೆಳಗಿನ ಊರಿನವರು ತಮಾಷೆ ಎಂದು ತಿಳಿದೇ ಬಂದಿದ್ದರು. ಮೇಲಿನ ಊರುಗಳಲ್ಲಿ ಟಿವಿಯಿಲ್ಲ, ಅವರು ನಿಜವಾದ ಸಾವೆಂದೇ ಬಂದಿದ್ದರು. ಸಾವಿನ ಹಾಡು ಹಾಡುವ ಹೆರ್ಮೀನಿಯಾ ಅಜ್ಜಿ ಬಿಳಿ ಬಟ್ಟೆ ಉಟ್ಟು, ಬಾಳೆಗೊನೆಯೊಂದಿಗೆ ದೋಣಿಯಿಂದ ಇಳಿದರು.

"ಅಜ್ಜಿ, ನೀವ್ಯಾಕೆ ಬಂದ್ರಿ ಇಷ್ಟು ದೂರ?" ಫುಲ್ವಿಯಾ ಓಡಿಹೋಗಿ ಕೈಹಿಡಿದರು.

"ನೆಂಟರು ಯಾರೂ ಇಲ್ಲ ಅಂದ್ಯಲ್ಲ ಮಗಾ. ಅದಕ್ಕೇ ಬಂದೆ. ದಿಕ್ಕಿಲ್ಲದ ಹೆಂಗಸು, ಹಾಡಿಲ್ದೆ ಹೋಗ್ಬಾರ್ದು."

ಫುಲ್ವಿಯಾರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ಎಲ್ಲರೆದುರು ಎಲ್ಲವನ್ನೂ ಹೇಳಿದರು: ಮಸಿ, ದಿಂಬು, ಮೀನು, ಕಟ್ಟೆಯ ಮೇಲಿನ ಕೂಗು. ತಲೆಬಟ್ಟೆಯ ಗಂಟು ಬಿಚ್ಚಿ ಪೆನ್‌ಡ್ರೈವ್ ತೋರಿಸಿದರು. ಯಾರೋ ಅದನ್ನು ಬೆಂಕಿಪೊಟ್ಟಣದಲ್ಲಿ ಮಲಗಿಸಿ ನಾಲ್ಕು ಕಡೆ ಮೇಣದಬತ್ತಿ ಹಚ್ಚಿದರು. ಅಂಗಳ ನಕ್ಕಿತು, ಅಜ್ಜಿ ನಗಲಿಲ್ಲ. ಪೊಟ್ಟಣದ ಕಡೆ ಬಾಗಿ ನೋಡಿ, "ಹಾಡಲ್ಲ" ಎಂದರು. "ಕಳ್ಳನಿಗೂ ಹಾಡಿದೀನಿ, ಕೊಲೆಗಾರನಿಗೂ ಹಾಡಿದೀನಿ. ಇದಕ್ಕೆ ಹಾಡಲ್ಲ. ಹಂಗೇ ಹೂಳಿ." ಈ ನದಿಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ನಗುತ್ತಿದ್ದವರು ಗುದ್ದಲಿ ತಂದರು. ಕಟ್ಟೆಯ ಹಿಂದಿನ ಕೆಸರಲ್ಲಿ ಪೊಟ್ಟಣವನ್ನು ಹೂಳಿ, ತಂದ ಬಾಳೆಕಾಯಿ ಬೇಯಿಸಿ ತಿಂದು, ದೋಣಿ ಹತ್ತಿದರು.

ಅಂದಿನಿಂದ ಕಟ್ಟೆಯ ಮೇಲೆ ಒಂದು ಹೊಸ ಉತ್ತರ ಹುಟ್ಟಿದೆ. ಅದನ್ನು ಮೊದಲು ಕೊಟ್ಟವಳು ಬೇರೆ ಯಾರೂ ಅಲ್ಲ, ನಿಕೊಲಾಸಾ. ದೋಣಿಯವನು ಎಂದಿನಂತೆ ಏ ಚೊಂತಾ ಎಂದಾಗ ಅವಳು ಚಾಕು ಕೆಳಗಿಡದೆ ಹೇಳಿದಳಂತೆ: "ಚೊಂತಾ ಸತ್ಲು, ರೇಡಿಯೋದಲ್ಲಿ ಕೇಳ್ಲಿಲ್ವಾ? ನನ್ನ ಹೆಸರು ನಿಕೊಲಾಸಾ. ಮೀನು ಬೇಕಾದ್ರೆ ಆ ಹೆಸರು ಹಿಡಿದು ಕೇಳು, ಬೇಡ್ದಿದ್ರೆ ದಾರಿ ಹಿಡಿ." ಈಗ ಎಲ್ಲ ಹೆಂಗಸರ ಬಾಯಲ್ಲೂ ಅದೇ ಮಾತು.

ಅನೀಬಲ್ ಹಿಂತಿರುಗಿದಾಗ ಅವರ ಸ್ಥಿತಿ ಅಡಕತ್ತರಿಗೆ ಸಿಕ್ಕ ಅಡಕೆಯಂತಾಗಿತ್ತು. ಒಂದು ಕಡೆ ಜಾಹೀರಾತು ಕೊಟ್ಟವರು ಕೆಂಡವಾಗಿದ್ದರು, ಇನ್ನೊಂದು ಕಡೆ ಚೊಂತಾಳನ್ನು ಹೂಳಿದವರೇ ಅವರ ಅಂಗಡಿಯ ಗಿರಾಕಿಗಳು. ಚೊಂತಾ ಸತ್ತಿಲ್ಲ, ಓದಿದ್ದು ತಪ್ಪು ಎಂದು ಸೋಮವಾರದ ಓಲೆಯಲ್ಲಿ ಸಾರಬೇಕು, ಇಲ್ಲವೇ ಮೈಕು ಬಿಟ್ಟು ಹೋಗಬೇಕು ಎಂದು ಅನೀಬಲ್ ಫುಲ್ವಿಯಾರಿಗೆ ಕಟ್ಟಪ್ಪಣೆ ಮಾಡಿದರು. "ಒಂದು ಸಾಲು ಓದ್ಬಿಡಮ್ಮ, ಕೆಲಸ ಉಳಿಯುತ್ತೆ" ಎಂದು ಮನೆಯಲ್ಲಿ ಮೂವರು ಹೆಣ್ಣುಮಕ್ಕಳೂ ಅತ್ತರು. ಓದಿದರೆ ಕಟ್ಟೆಯ ಹೆಂಗಸರೆಲ್ಲ ಮತ್ತೆ ಚೊಂತಾ ಆಗುತ್ತಾರೆ. ಓದದಿದ್ದರೆ ಬೆಳಗಿನ ಆ ಒಂದು ಗಂಟೆ ಹೋಗುತ್ತದೆ, ಅದು ಹೋದರೆ ಫುಲ್ವಿಯಾರಿಗೆ ಉಳಿಯುವುದು ಮೀನಿನ ಬುಟ್ಟಿ ಮಾತ್ರ.

ಇಂದೇ ಆ ಸೋಮವಾರ. ಹೇಂಟೆಯ ಓಲೆ, ಗರಗಸದ ಓಲೆ, ಎಲ್ಲ ಮುಗಿದಿವೆ. ಬಾಗಿಲಲ್ಲಿ ಅನೀಬಲ್ ಕೈಕಟ್ಟಿ ನಿಂತಿದ್ದಾರೆ. ಕಿಟಕಿಯಾಚೆ ಮೀನಿನ ಹೆಂಗಸರು ಬುಟ್ಟಿ ಸಮೇತ ನಿಂತಿದ್ದಾರೆ, ಮುಂದೆ ನಿಕೊಲಾಸಾ. ಫುಲ್ವಿಯಾ ಮೈಕಿಗೆ ಬಾಗುತ್ತಾರೆ.

"ಇನ್ನೊಂದು ಸುದ್ದಿ ಇದೆ. ದೋನ್ಯಾ ಚೊಂತಾ ಸತ್ತಿಲ್ಲ ಅಂತ ಹೇಳೋಕೆ ಆಕೆ ಕಡೆಯೋರು ಬಂದಿದಾರೆ. ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ, ನೆಂಟರೇ ಹೇಳ್ಬೇಕು. ದೋನ್ ಅನೀಬಲ್, ಬನ್ನಿ. ಆಕೆಗೆ ನೀವೇನಾಗ್ಬೇಕು, ಮೊದಲು ಅದನ್ನ ಹೇಳಿ."

ಕುರ್ಚಿ ಬಿಟ್ಟು ಏಳುತ್ತಾರೆ. ಅನೀಬಲ್ ಎರಡು ಹೆಜ್ಜೆ ಬಂದು ಮೈಕಿನ ಮುಂದೆ ನಿಲ್ಲುತ್ತಾರೆ. ಅವರ ಉಪ್ಪು, ಡೀಸೆಲ್, ತಗಡು ಕೊಳ್ಳುವ ನದಿಯಿಡೀ ಕೇಳುತ್ತಿದೆ. ಕಿಟಕಿಯ ಹೆಂಗಸರು ನಗುವುದಿಲ್ಲ, ಸಾವಿನ ಮನೆಯಲ್ಲಿ ನಿಲ್ಲುವಂತೆ ಕೈಕಟ್ಟಿ ನಿಂತು ಕಾಯುತ್ತಾರೆ.

"ನಂಗೂ ಅವಳಿಗೂ ಏನೂ ಸಂಬಂಧ ಇಲ್ಲ," ಎನ್ನುತ್ತಾರೆ ಅನೀಬಲ್ ಕೊನೆಗೆ, ತೀರಾ ಸಣ್ಣ ದನಿಯಲ್ಲಿ. ಹೊರಗೆ ಹೋದ ಅವರ ಹಿಂದೆ ಬಾಗಿಲು ಬಡಿದುಕೊಳ್ಳುತ್ತದೆ.

ಬರುವ ಭಾನುವಾರ ಮತದಾನ. ಕೆಲಸ ಇದೆಯೋ ಹೋಯಿತೋ ಅನೀಬಲ್ ಇನ್ನೂ ಬಾಯಿಬಿಟ್ಟಿಲ್ಲ. ಭಯವಿಲ್ಲವೇ ಎಂದರೆ ಫುಲ್ವಿಯಾ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಬುಟ್ಟಿ ತಲೆಗೇರಿಸುತ್ತಾರೆ.

"ಇದೆ, ಯಾಕಿಲ್ಲ. ದಿಯೊಸೆಲಿನಾ ಗೆಲ್ತಾಳೋ ಸೋಲ್ತಾಳೋ, ನನ್ನ ಕುರ್ಚಿ ಇರುತ್ತೋ ಹೋಗುತ್ತೋ, ಯಾರಿಗ್ಗೊತ್ತು? ಕುರ್ಚಿ ಅವರದು, ಕಿತ್ಕೊಳ್ಲಿ. ಆದ್ರೆ ಒಬ್ರು ಸತ್ರು ಅಂತ ನಾನು ಓದಿದ್ಮೇಲೆ, ಅವ್ರು ಸತ್ತಂಗೇನೇ."