ಬೇಗ ತೆರೆದ ಆವಿಗೆ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಮ್ಮ ಭಾವನ ವಿಷಯದಲ್ಲಿ ಕುಂಬಾರನೂ ಅವರೇ, ದೊಣ್ಣೆಯೂ ಅವರೇ.

ಮಡಕೆ ಸುಡುವ ಆವಿಗೆಯ ಬೆಂಕಿ ಆರಿದ ಮೇಲೂ ಒಳಗಿನದೆಲ್ಲ ತಾನಾಗಿ ತಣಿಯಬೇಕು. ಅಲ್ಲಿಯವರೆಗೆ ಅದರ ಬಾಯಿ ತೆರೆಯಬಾರದು. ಕುಂಬಾರರ ಮನೆಯ ಹಸುಗೂಸಿಗೂ ಇದು ಗೊತ್ತು. ಆದರೆ ಆ ಸಲ ಭಾವ ಹೊಸ ಬಗೆಯ ಹೂಜಿಗಳನ್ನು ಮಾಡಿದ್ದರು. ಹೇಗೆ ಬಂದಿವೆಯೋ ನೋಡುವ ಆಸೆ ತಡೆಯಲಾರದೆ, ಅಕ್ಕ ಬೇಡ ಬೇಡವೆಂದರೂ ಬಾಯಿ ಒಡೆದರು. ತಣ್ಣನೆ ಗಾಳಿ ಒಳಗೆ ನುಗ್ಗಿತು. ಟಣ್ ಟಣ್ ಎನ್ನುತ್ತ ಹೂಜಿಗಳೆಲ್ಲ ಸೀಳಿಹೋದವು.

ಅಂದಿನಿಂದ ಭಾವ ತಿಗರಿ ತಿರುಗಿಸಲಿಲ್ಲ. "ನನ್ನ ಕೈ ಸತ್ತುಹೋಯ್ತು" ಎಂದು ಹಿತ್ತಿಲ ಬಾಗಿಲಲ್ಲಿ ಕೂತುಬಿಟ್ಟರು. ಊಟ ಕಮ್ಮಿಯಾಯಿತು, ಮಾತಂತೂ ನಿಂತೇಹೋಯಿತು. ಮಾತಿನ ಮಲ್ಲನಾಗಿದ್ದ ಮನುಷ್ಯ ನೋಡನೋಡುತ್ತ ಸೊರಗಿಹೋದರು.

"ಇವರು ಮತ್ತೆ ಮಣ್ಣು ಮುಟ್ಟದಿದ್ರೆ ನನ್ನ ಪಾಲಿಗೆ ಉಳಿಯಲ್ಲ ಕಣೇ" ಎಂದು ಅಕ್ಕ ನನ್ನೆದುರು ಅತ್ತಳು.

ಆಗ ಊರಾಚೆ ಹಳೆಯ ಕಾಲದ ಊರೊಂದರ ಉತ್ಖನನ ನಡೆಯುತ್ತಿತ್ತು. ಅಕ್ಕನೂ ನಾನೂ ಅಲ್ಲಿ ಸಿಕ್ಕ ಮಡಕೆ ಚೂರುಗಳನ್ನು ಬ್ರಷ್ಷಿನಿಂದ ತೊಳೆಯುವ ಕೆಲಸಕ್ಕೆ ಸೇರಿದೆವು. ಒಂದು ದಿನ ನೆಲದಡಿಯಿಂದ ಆವಿಗೆಯೊಂದು ಎದ್ದುಬಂತು, ಏಳೆಂಟು ಶತಮಾನದಷ್ಟು ಹಳೆಯದು. ಪಕ್ಕದ ಗುಂಡಿಯಲ್ಲಿ ಒಂದೇ ಸಲಕ್ಕೆ ಸುರಿದ ಹೂಜಿಗಳ ರಾಶಿ, ಎಲ್ಲದರಲ್ಲೂ ಒಂದೇ ಥರದ ಸೀಳು.

"ಬಿಸಿ ಇರುವಾಗಲೇ ಯಾರೋ ಬಾಯಿ ತೆಗೆದಿರಬೇಕು" ಎಂದರು ಅಗೆತ ನಡೆಸುತ್ತಿದ್ದ ಮೇಡಂ.

"ಅಯ್ಯೋ, ಆ ಕಾಲದ ಗಂಡಸರಿಗೂ ಇದೇ ಅವಸರಾನಾ!" ಎಂದು ಅಕ್ಕ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳ ನಗು ಕೇಳಿ ನನಗೆ ಖುಷಿಯಾಯಿತು. ಮರುದಿನ ಅವಳು ಭಾವನನ್ನು ದರದರ ಎಳೆದುಕೊಂಡೇ ಬಂದಳು.

ಭಾವ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಸೀಳಿನ ಮೇಲೆ ಬೆರಳಾಡಿಸಿದರು. "ಇದಾದ ಮೇಲೆ ಇವನು ಏನ್ಮಾಡಿದ, ಮೇಡಂ?"

ಮೇಡಂ ಆವಿಗೆಯ ಗೋಡೆ ತೋರಿಸಿದರು. "ಇದೇ ಹೂಜಿಗಳ ಚೂರನ್ನ ಮಣ್ಣಿಗೆ ಸೇರಿಸಿ ಈ ಗೋಡೆ ಮತ್ತೆ ಕಟ್ಟಿದಾನೆ, ನೋಡಿ. ಅದರ ಮೇಲೆ ಮತ್ತೆ ಮತ್ತೆ ಬೆಂಕಿ ಹಾಕಿರೋ ಗುರುತಿದೆ. ಬಹಳ ಕಾಲ ಕೆಲಸ ಮಾಡಿದಾನೆ."

ಭಾವ ಗೋಡೆಯನ್ನೇ ನೋಡುತ್ತಿದ್ದರು. ಆಮೇಲೆ ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ತಡೆಯಲಿಲ್ಲ, ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಮನೆಯ ದಾರಿಯಲ್ಲಿ ಭಾವ ತಾವಾಗಿಯೇ ಮಾತೆತ್ತಿದರು. "ನಾಳೆ ಮಣ್ಣು ತರ್ತೀನಿ."

"ತನ್ನಿ" ಎಂದಳು ಅಕ್ಕ. "ಆವಿಗೆ ಬಾಯಿ ಮಾತ್ರ ನಾನೇ ತೆಗೆಯೋದು."