ಉಪ್ಪಿನ ಹದ

ಗಿರಣಿಯ ಕ್ಯಾಂಟೀನಿನಲ್ಲಿ ಅರ್ಧ ಆಯಸ್ಸು ಸವೆಸಿದ ಆ ಅಡುಗೆಯಾಕೆಗೆ ಅಳತೆಯ ಚಮಚವೆಂದರೆ ಮೈಯುರಿ. ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಮುಗಿಯಿತು, ಉಪ್ಪಿನ ಹದ ನಾಲಿಗೆಯೇ ಹೇಳುತ್ತಿತ್ತು. ಈಗ ಮೈಯೆಲ್ಲ ರಿಪೇರಿ. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು. ಒಂದಕ್ಕೆ ನುಂಗಿದ ಮಾತ್ರೆ ಇನ್ನೊಂದನ್ನು ಕೆಣಕುತ್ತಿತ್ತು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕು, ಬಟ್ಟೆ ಬದಲಿಸುವಷ್ಟರಲ್ಲಿ ಏದುಸಿರು. ಒಲೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತಾಗ ಮಾತ್ರ ಜೀವ ಬಂದಂತಾಗುತ್ತಿತ್ತು.

ಗಂಡ ಲಾರಿ ಓಡಿಸಿ ನಿವೃತ್ತನಾದವನು, ಹೃದ್ರೋಗಿ. ಉಪ್ಪು ಕಮ್ಮಿ ಮಾಡದಿದ್ದರೆ ಮೈಯಲ್ಲಿ ನೀರು ತುಂಬುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಮಹಡಿಯ ಮೇಲೆ ಬೇರೆ ಸಂಸಾರ ಹೂಡಿದ್ದ ಮಗಳು, "ಅಮ್ಮಾ, ಇನ್ಮೇಲೆ ಇಬ್ರಿಗೂ ನಾನೇ ಮಾಡಿ ಕಳಿಸ್ತೀನಿ" ಎಂದಳು.

"ನನ್ನ ಕೈ ಬಿದ್ದುಹೋಗಿದ್ಯೇನೇ? ನನ್ನ ಗಂಡಂಗೆ ಎಷ್ಟು ಉಪ್ಪು ಹಾಕ್ಬೇಕು ಅಂತ ನಿನ್ನ ಕೇಳ್ಬೇಕಾ?"

ಗಂಡ ನಕ್ಕ. "ಇವಳ ಕೈಯಡುಗೆ ತಿಂದು ಗಿರಣಿಯೇ ಬಾಗಿಲು ಹಾಕ್ತು, ನಾನಿನ್ನೂ ಗಟ್ಟಿಯಾಗಿದೀನಲ್ಲ, ಬಿಡಮ್ಮ."

ಅಂದಿನಿಂದ ಅವಳು ತನ್ನ ನಾಲಿಗೆಗೆ ಸಪ್ಪೆ ಎನ್ನಿಸುವಷ್ಟೇ ಉಪ್ಪು ಹಾಕತೊಡಗಿದಳು. ಗಂಡ ತಟ್ಟೆ ಬಳಿದು ತಿನ್ನುತ್ತಿದ್ದ. ಆದರೂ ಅವನ ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೊನೆಗೆ ಆಸ್ಪತ್ರೆಗೆ ಹೊತ್ತೊಯ್ದರು.

ಅಲ್ಲಿಗೂ ಅಡುಗೆಯಾಕೆ ತಾನೇ ಮಾಡಿದ ಊಟದ ಡಬ್ಬಿ ತಂದಳು. ಮಗಳು ಒಂದು ತುತ್ತು ಬಾಯಿಗಿಟ್ಟವಳೇ ಉಗಿದಳು. "ಅಯ್ಯೋ! ಬರೀ ಉಪ್ಪು ಕಣಮ್ಮ!"

ಅಡುಗೆಯಾಕೆ ಅಂಗೈಗೆ ಸುರಿದುಕೊಂಡು ನೆಕ್ಕಿದಳು. "ಸಪ್ಪೆ ಇದ್ಯಲ್ಲೇ."

ಡಾಕ್ಟರು ಮೆಲ್ಲಗೆ ಹೇಳಿದರು. "ನಿಮ್ಮ ನಾಲಿಗೆಗೆ ರುಚಿ ತಿಳೀತಿಲ್ಲಮ್ಮ. ವಯಸ್ಸು, ಸಕ್ಕರೆ, ಇಷ್ಟೊಂದು ಮಾತ್ರೆ. ಯಾವುದ್ರಿಂದ ಅಂತ ಹೇಳಲಿ?"

ಅವಳು ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಾಗ್ತಿತ್ತಲ್ರೀ! ಬಾಯಿ ಬಿಡೋಕೇನಾಗಿತ್ತು?"

"ಹೇಳಿದ್ರೆ ನೀನು ಒಲೆ ಬಿಟ್ಬಿಡ್ತಿದ್ದೆ," ಎಂದ ಅವನು, ಉಸಿರು ಎಳೆದುಕೊಂಡು. "ಆಮೇಲೆ ನಿಂಗೆ ಇನ್ನೇನಿತ್ತು?"

ಪ್ರೀತಿಯಂತೆ ಪ್ರೀತಿ! ಇಬ್ಬರನ್ನೂ ಮುಳುಗಿಸಿದ ಇಂಥ ಪ್ರೀತಿಗೆ ಏನೆನ್ನಬೇಕು? ವಾರದೊಳಗೆ ಅವನು ತೀರಿಕೊಂಡ.

ಈಗ ಊಟ ಮಹಡಿಯಿಂದ ಬರುತ್ತದೆ. ಮೊದಲ ದಿನ ಮಗಳು ತಟ್ಟೆ ಮುಂದಿಟ್ಟು, "ಎರಡು ತುತ್ತಾದ್ರೂ ತಿನ್ನಮ್ಮ" ಎಂದು ಗೋಗರೆದಳು.

"ನಾನೂ ಹೀಗೇ ಎದುರಿಗೆ ಕೂತ್ಕೋತಿದ್ದೆ ಕಣೇ," ಎಂದಳು ತಾಯಿ. "ಸಾಕು ಕಣೇ ಅಂತ ಅವರು ಕೈ ಅಡ್ಡ ಹಿಡಿದ್ರೂ ಬಿಡದೆ ಇನ್ನೊಂದು ಸೌಟು ಬಡಿಸ್ತಿದ್ದೆ. ನಾನೇ ಕೊಂದೆ, ಅಲ್ವಾ?"

ಮಗಳು ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.