ಟ್ರಂಕಿನೊಳಗಿನ ಗುಡ್ಡ ಕುಸಿತ

ಆಗಸ್ಟ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಹೆತ್ತೂರು ಬಳಿಯ ನಮ್ಮ ಮನೆಯ ಜಗಲಿಯಲ್ಲಿ ಇದ್ದವರು ನಾನು, ನನ್ನ ಹೆಂಡತಿ, ನನ್ನ ತಮ್ಮ. ಅಜ್ಜಿಯ ಟ್ರಂಕಿನ ಒಳಗೆ ಅಂಟಿಸಿದ್ದ ಹಳೆಯ ಕಾಗದಗಳು ತೇವಕ್ಕೆ ಕಿತ್ತು ಬಂದಿದ್ದವು. ಅವನ್ನು ಮತ್ತೆ ಅಂಟಿಸುವುದು ನನ್ನ ಆ ದಿನದ ಕೆಲಸ. ತಮ್ಮನ ಆತುರ ಬೇರೆ. ಮನೆಯ ಹಿಂದಿನ ಇಳಿಜಾರಿನಲ್ಲಿ ಹೋಮ್‌ಸ್ಟೇಗೆ ಎರಡು ಕೋಣೆ ಕಟ್ಟಿಸಲು ಮರುದಿನ ಜೆಸಿಬಿ ಬರುವುದಿತ್ತು.

ಮುಚ್ಚಳದಲ್ಲಿದ್ದದ್ದು ಬ್ರಿಟಿಷರ ಕಾಲದ ಪತ್ರಿಕೆಯ ಹಾಳೆ. ಘಟ್ಟದಂಚಿನಲ್ಲಿ ಗುಡ್ಡ ಜರಿದ ಸುದ್ದಿ. ಟಪಾಲು ತಡವಾಯಿತು, ಕಾಫಿ ತೋಟದ ದೊರೆಯೊಬ್ಬರ ಕಂದು ಕುದುರೆಯನ್ನು ಹಗ್ಗ ಕಟ್ಟಿ ಎಳೆದು ಉಳಿಸಿದರು, ಕೆಲವು ಕೂಲಿಗಳು ಮಡಿದರೆಂದು ಕೇಳಿಬರುತ್ತದೆ. ಇಷ್ಟೇ. ಯಾವ ಗುಡ್ಡವೆಂದು ಇಲ್ಲ. ಸುದ್ದಿ ಬರೆದವನಿಗೆ ಕುದುರೆಯ ಬಣ್ಣವನ್ನು ಯಾರು ಹೇಳಿರಬಹುದು? ದೊರೆಯ ಬಂಗಲೆಯಿಂದ ಹೋದ ಕಾಗದವೇ ಸುದ್ದಿಯಾಯಿತೇ?

ತಳದಲ್ಲಿದ್ದದ್ದು ಸಂತೆಯಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಿಕೆಯ ಪುಟ. ಅದರಲ್ಲೂ ಆ ಕಂದು ಕುದುರೆ ಇತ್ತು. ಹಾಗಾಗಿ ಎರಡೂ ಹೇಳುತ್ತಿದ್ದುದು ಒಂದೇ ಅನಾಹುತವನ್ನು. ಹಾಡಿನ ಪ್ರಕಾರ ಎರಡು ತಲೆಯ ಕರು ಹುಟ್ಟಿತು, ಊರ ದೇವತೆ ಅಮ್ಮ ಮುನಿದಳು, ಗುಡ್ಡ ಬಿತ್ತು. ಆದರೆ ಸತ್ತವರ ಹೆಸರುಗಳು ಒಂದೊಂದಾಗಿ ಪದ್ಯದಲ್ಲಿದ್ದವು. ಕೊನೆಯಲ್ಲಿ, ಮಣ್ಣು ಬಿದ್ದು ಅತ್ತಿಮರದ ಹಳ್ಳದ ಜಾಡು ಮುಚ್ಚಿ, ಹಳ್ಳ ಬಡಗಣಕ್ಕೆ ತಿರುಗಿತು ಎಂದಿತ್ತು.

ನಮ್ಮ ಹಳ್ಳದ ಹೆಸರು ಅದೇ. ಅದರ ತೆಂಕಣಕ್ಕೇ, ಅಂದರೆ ಹಳೆಯ ಜಾಡು ಮುಚ್ಚಿದ ಕಡೆಗೇ, ತಮ್ಮನ ಇಳಿಜಾರು.

"ನೀನು ಕಟ್ಟೋದು ಬಿದ್ದ ಗುಡ್ಡದ ಮೇಲೆ ಕಣೋ," ಎಂದೆ.

ತಮ್ಮ ನಕ್ಕ. "ಎಲ್ಡು ತಲೆ ಕರಾನೂ ನಂಬ್ತೀಯೇನಣ್ಣ? ಕರ ಸುಳ್ಳಾದ್ರೆ ಹಳ್ಳಾನೂ ಸುಳ್ಳೇ ಬಿಡು."

"ಕರ ಎಲ್ಲೋ ಹುಟ್ತು ಅಂದ್ರೆ ಯಾರ್ ಹೋಗಿ ನೋಡ್ತಾರೆ?" ಎಂದಳು ನನ್ನ ಹೆಂಡತಿ. "ಹಳ್ಳ ಹಂಗಲ್ಲ ಕಣಪ್ಪ, ಊರೋರು ದಿನಾ ದಾಟೋದು. ಸುಳ್ಳು ಬರೆದಿದ್ರೆ ಸಂತೇಲಿ ಹಾಡು ಕಟ್ಟಿದೋನ ಪುಸ್ತಕ ಯಾರ್ ತಗೋತಿದ್ರು?"

ಮೂವರೂ ಇಳಿಜಾರಿಗೆ ಹೋದೆವು. ತಮ್ಮ ಬುನಾದಿಗೆಂದು ಒಟ್ಟಿದ್ದ ಕಲ್ಲಿನ ರಾಶಿ ಅಲ್ಲಿತ್ತು. ಅಗೆದಲ್ಲೆಲ್ಲ ಕಲ್ಲು ಸಿಗುತ್ತದೆ, ಹೊರಗಿಂದ ತರಿಸುವ ತಾಪತ್ರಯವಿಲ್ಲ ಎಂದು ವಾರದಿಂದ ಹಿಗ್ಗುತ್ತಿದ್ದ. ನಾನು ಒಂದನ್ನು ಎತ್ತಿ ಅವನ ಕೈಗೆ ಕೊಟ್ಟೆ. ಗುಂಡಗೆ, ನುಣ್ಣಗೆ ಇತ್ತು. ಅವನು ಅದನ್ನು ತಿರುಗಿಸಿ ನೋಡಿದ. ಹಳ್ಳ ಹರಿಯುವ ಕಡೆಗೂ ನೋಡಿದ.

"ನೀರಲ್ಲಿ ಉರುಳಿದ ಕಲ್ಲು," ಎಂದ. ಮೊಬೈಲ್ ತೆಗೆದ. "ನಾಳೆ ಜೆಸಿಬಿ ತರಬ್ಯಾಡ ಮಾರಾಯ. ಜಾಗ ಸರಿ ಇಲ್ಲ. ಕಾಫಿ ಕಣದ ಪಕ್ಕ ನೋಡಿ ಹೇಳ್ತೀನಿ."

ಊಟವಾದ ಮೇಲೆ ಮೈದಾ ಗೋಂದು ಕಾಯಿಸಿದೆ. ಈ ಸಲ ಪತ್ರಿಕೆಯನ್ನು ತಳಕ್ಕೆ ಅಂಟಿಸಿದೆ, ತೆರೆದೊಡನೆ ಕಣ್ಣಿಗೆ ಬೀಳುವಂತೆ ಹಾಡಿನ ಪುಟವನ್ನು ಮುಚ್ಚಳಕ್ಕೆ. ಸಂಜೆ ಎರಡೂ ಒಣಗಿದ ಮೇಲೆ ಸೀರೆಗಳನ್ನು ಜೋಡಿಸಿಟ್ಟು ಟ್ರಂಕು ಮುಚ್ಚಿದೆ.